ಶ್ಯಾಂಕ್ಲಿಯೋ, ಪೇಸ್ಲಿಯೋ?



ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಬಂದರು ನಗರ ಲಿವರ್‌ಪೂಲ್. ಅಲ್ಲಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ಮನೆಗಳಲ್ಲಿ ಒಂದು ವಾದ ತಲೆಮಾರುಗಳಿಂದ ನಡೆದು ಬಂದಿದೆ. ನಮ್ಮ ಕ್ಲಬ್ಬನ್ನು ನಡೆಸಿದ ಮ್ಯಾನೇಜರುಗಳಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ಅಜ್ಜ ಒಂದು ಹೆಸರು ಹೇಳಿದರೆ ಮಗ ಇನ್ನೊಂದು ಹೇಳುತ್ತಾನೆ, ಮೊಮ್ಮಗಳ ಆಯ್ಕೆ ಬೇರೆಯೇ. ಈ ವಾದ ಹುಟ್ಟಿ ಬೆಳೆದ ಬಗೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಆನ್‌ಫೀಲ್ಡ್ ಮೈದಾನದ ಬಾಡಿಗೆ ಜಗಳದಲ್ಲಿ ಎವರ್ಟನ್ ಕ್ಲಬ್ ಹೊರನಡೆದಾಗ, ಖಾಲಿ ಮೈದಾನಕ್ಕಾಗಿ ಜಾನ್ ಹೌಲ್ಡಿಂಗ್ 1892ರಲ್ಲಿ ಕಟ್ಟಿದ ಕ್ಲಬ್ ಇದು. 1896ರಲ್ಲಿ ಬಂದ ಟಾಮ್ ವಾಟ್ಸನ್ 1901 ಮತ್ತು 1906ರಲ್ಲಿ ಲೀಗ್ ಗೆದ್ದುಕೊಟ್ಟರು, 1915ರಲ್ಲಿ ತೀರಿಕೊಳ್ಳುವ ತನಕ ಅದೇ ಹುದ್ದೆಯಲ್ಲಿದ್ದರು. ಆದರೂ ವಾದದಲ್ಲಿ ಅವರ ಹೆಸರು ಎತ್ತುವವರು ವಿರಳ. ಆ ಕಾಲದಲ್ಲಿ ಮೈದಾನಕ್ಕೆ ಯಾರು ಇಳಿಯಬೇಕೆಂಬ ತೀರ್ಮಾನದಲ್ಲಿ ನಿರ್ದೇಶಕರ ಕೈಯೇ ಮೇಲಿರುತ್ತಿತ್ತು. ಮ್ಯಾನೇಜರ್ ಅರ್ಧ ಗುಮಾಸ್ತ. ಅವನನ್ನು ದೊಡ್ಡವನೆಂದು ಹಾಡಿ ಹೊಗಳಲು ಜನರಿಗೆ ಕಾರಣವೇ ಇರಲಿಲ್ಲ.

ಆ 1906ರಲ್ಲಿಯೇ ಗೋಲಿನ ಹಿಂದೆ ಎತ್ತರದ ದಿಬ್ಬವೊಂದನ್ನು ಕಟ್ಟಿ ಪ್ರೇಕ್ಷಕರಿಗೆ ಜಾಗ ಮಾಡಿದರು. ಬೋಯರ್ ಯುದ್ಧದಲ್ಲಿ ಅನೇಕ ಸೈನಿಕರು ಮಡಿದ ದಕ್ಷಿಣ ಆಫ್ರಿಕಾದ ಬೆಟ್ಟದ ನೆನಪಿಗೆ ಅದಕ್ಕೆ ಸ್ಪಿಯಾನ್ ಕಾಪ್ ಎಂದು ಹೆಸರಿಟ್ಟರು. 1900ರಲ್ಲಿ ಆ ಬೆಟ್ಟದ ಕದನದಲ್ಲಿ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತವರಲ್ಲಿ ನಮ್ಮ ಗಾಂಧೀಜಿ ಕೂಡ ಇದ್ದರು. ಮುಂದೆ ಮ್ಯಾನೇಜರುಗಳನ್ನು ತೂಗಿ ನೋಡುವ ನ್ಯಾಯಸ್ಥಾನ ಈ ಕಾಪ್.

1959ರ ಡಿಸೆಂಬರ್‌ನಲ್ಲಿ ಬಿಲ್ ಶ್ಯಾಂಕ್ಲಿ ಬಂದಾಗ ಕ್ಲಬ್ ಎರಡನೇ ದರ್ಜೆಗೆ ಬಿದ್ದು ಐದು ವರ್ಷ ದಾಟಿತ್ತು. ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಕಲ್ಲಿದ್ದಲಿನ ಹಳ್ಳಿಯವರು, ಹುಡುಗನಾಗಿದ್ದಾಗಲೇ ಗಣಿಗೆ ಇಳಿದವರು. ತಂಡದ ಆಯ್ಕೆ ನನ್ನದೇ ಎಂದು ಅವರು ಪಟ್ಟು ಹಿಡಿದರು. ಇದ್ದ ತರಬೇತುದಾರರನ್ನು ಮಾತ್ರ ಕೈಬಿಡಲಿಲ್ಲ. ಅವರೆಲ್ಲ ಬೂಟುಗಳನ್ನಿಡುವ ಪುಟ್ಟ ಕೋಣೆಯಲ್ಲಿ ಕೂತು ಆಟದ ಲೆಕ್ಕಾಚಾರ ಹಾಕುತ್ತಿದ್ದರು. ‘ಬೂಟ್ ರೂಮ್’ ಎಂಬ ಆ ಕೋಣೆಯಿಂದಲೇ ಮುಂದಿನ ಮ್ಯಾನೇಜರುಗಳು ಬಂದರು.

ಶ್ಯಾಂಕ್ಲಿ 1962ರಲ್ಲಿ ತಂಡವನ್ನು ಮೇಲಕ್ಕೆ ತಂದರು. 1964, 1966, 1973ರಲ್ಲಿ ಲೀಗ್. 1965ರಲ್ಲಿ ಕ್ಲಬ್ಬಿನ ಮೊಟ್ಟಮೊದಲ ಎಫ್‌ಎ ಕಪ್. ಅಡಿಯಿಂದ ಮುಡಿಯವರೆಗೆ ಕೆಂಪು ಉಡುಪು ಕೂಡ ಅವರದೇ ಕಾಲದ್ದು. ಆದರೆ ಜನ ಅವರನ್ನು ಪ್ರೀತಿಸಿದ್ದು ಬೇರೆ ಕಾರಣಕ್ಕೆ. ಅಭಿಮಾನಿಗಳ ಪತ್ರಗಳಿಗೆ ತಾವೇ ಟೈಪ್ ಮಾಡಿ ಉತ್ತರಿಸುತ್ತಿದ್ದರು. 1973ರ ಗೆಲುವಿನ ಸಂಭ್ರಮದಲ್ಲಿ ಕಾಪ್‌ನಿಂದ ಯಾರೋ ಎಸೆದ ಸ್ಕಾರ್ಫನ್ನು ಪೊಲೀಸಿನವನು ಪಕ್ಕಕ್ಕೆ ಸರಿಸಿದಾಗ, ಶ್ಯಾಂಕ್ಲಿ ಅವನನ್ನು ಗದರಿ ಅದನ್ನೆತ್ತಿ ತಮ್ಮ ಕೊರಳಿಗೆ ಸುತ್ತಿಕೊಂಡರು. 1974ರ ಜುಲೈಯಲ್ಲಿ ಅವರು ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟಾಗ ಇಡೀ ಊರು ನಂಬಲಿಲ್ಲ.

ಹುದ್ದೆ ಬಂದದ್ದು ಬಾಬ್ ಪೇಸ್ಲಿಗೆ. ಡರ್ಹಮ್ ಸೀಮೆಯ ಗಣಿ ಹಳ್ಳಿಯವರು, 1939ರಿಂದ ಇದೇ ಕ್ಲಬ್ಬಿನಲ್ಲಿ ಆಟಗಾರ, ಮೈ ನೋವಿಗೆ ಮದ್ದು ಮಾಡುವವರು, ತರಬೇತುದಾರ. ತಡವರಿಸುವ ಮಾತು, ಸಂಕೋಚದ ಸ್ವಭಾವ; ಹುದ್ದೆಯನ್ನೂ ಮನಸ್ಸಿಲ್ಲದೆ ಒಪ್ಪಿಕೊಂಡವರು. ಮೊದಲ ವರ್ಷ ಕೈ ಖಾಲಿ. ಮುಂದಿನ ಎಂಟು ವರ್ಷಗಳಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್, ಒಂದು ಯುಇಎಫ್‌ಎ ಕಪ್, ಮೂರು ಲೀಗ್ ಕಪ್. ದೇಶದೊಳಗಿನ ದೊಡ್ಡ ಕಪ್‌ಗಳಲ್ಲಿ ಸಿಗದೆ ಉಳಿದದ್ದು ಎಫ್‌ಎ ಕಪ್ ಒಂದೇ. 1977ರಲ್ಲಿ ರೋಮ್‌ನಲ್ಲಿ ಮೊದಲ ಯುರೋಪಿಯನ್ ಕಪ್ ಎತ್ತಿದ ರಾತ್ರಿಯೇ ನಮ್ಮ ಈ ವಾದ ಹುಟ್ಟಿತು ಎನ್ನಬೇಕು. ಶ್ಯಾಂಕ್ಲಿಗೆ ದಕ್ಕದ್ದು ಅವರ ಸಹಾಯಕನಿಗೆ ದಕ್ಕಿತ್ತು.

ಶ್ಯಾಂಕ್ಲಿ ಪರ ವಾದಿಸುವವರ ಮಾತು ಇಷ್ಟು: ಹೊಲ ಉತ್ತು ಬಿತ್ತಿದವನು ಒಬ್ಬ, ಕೊಯ್ದವನು ಇನ್ನೊಬ್ಬ. ನಾನು ಇದನ್ನು ಪೂರ್ತಿ ಒಪ್ಪಲಾರೆ. 1981ರಲ್ಲಿ ಪ್ಯಾರಿಸ್‌ನ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿದ ಹನ್ನೊಂದು ಜನರನ್ನು ನೋಡಿ. ನೀಲ್, ಹ್ಯಾನ್ಸನ್, ಅಲನ್ ಕೆನಡಿ, ಮೆಕ್‌ಡರ್ಮಟ್, ಸೂನೆಸ್, ಡಾಲ್ಗ್ಲಿಶ್, ಜಾನ್ಸನ್, ಎಲ್ಲರೂ ಪೇಸ್ಲಿ ಕರೆತಂದವರು. ಶ್ಯಾಂಕ್ಲಿ ಕೊನೆಯದಾಗಿ ಕೊಂಡ ರೇ ಕೆನಡಿ ಬಂದಾಗ ಮುಂಚೂಣಿಯ ಆಟಗಾರ. ಅವನನ್ನು ಎಡಬದಿಯ ಮಧ್ಯದಲ್ಲಿ ಆಡಿಸಿ ಹೊಸ ಆಟಗಾರನನ್ನೇ ಮಾಡಿದವರು ಪೇಸ್ಲಿ. 1977ರಲ್ಲಿ ಕಾಪ್‌ನ ಕಣ್ಮಣಿ ಕೀಗನ್ ಜರ್ಮನಿಗೆ ಹೋದಾಗ ಎಲ್ಲರೂ ಕಂಗಾಲು. ಪೇಸ್ಲಿ ಡಾಲ್ಗ್ಲಿಶ್‌ನನ್ನು ತಂದು ಮರುವರ್ಷ ಅದೇ ಕಪ್ ಗೆದ್ದರು. 1978-79ರ ಲೀಗಿನ 42 ಪಂದ್ಯಗಳಲ್ಲಿ ಈ ತಂಡ ಬಿಟ್ಟುಕೊಟ್ಟದ್ದು ಬರೀ 16 ಗೋಲು. ಬೇರೆಯವರ ಬೆಳೆ ಕೊಯ್ದು ಇಷ್ಟು ವರ್ಷ ಉಣ್ಣಲಾಗದು.

ಅನಂತರ ಬಂದ ಜೋ ಫೇಗನ್ 1984ರಲ್ಲಿ ಒಂದೇ ಋತುವಿನಲ್ಲಿ ಮೂರು ಟ್ರೋಫಿ ಗೆದ್ದರು. ಮರುವರ್ಷ ಬ್ರಸೆಲ್ಸ್‌ನ ಹೇಸೆಲ್ ಮೈದಾನದಲ್ಲಿ 39 ಜನ ಸತ್ತ ದುರಂತದೊಂದಿಗೆ ಅವರ ಅಧ್ಯಾಯ ಮುಗಿಯಿತು. ಆಮೇಲೆ ಪೇಸ್ಲಿ ತಂದಿದ್ದ ಅದೇ ಆಟಗಾರ, ಕೆನ್ನಿ ಡಾಲ್ಗ್ಲಿಶ್, ಮ್ಯಾನೇಜರ್ ಆದರು. ಅವರ ಮೂರು ಲೀಗ್, ಎರಡು ಎಫ್‌ಎ ಕಪ್ ಸಣ್ಣ ಸಾಧನೆಯಲ್ಲ. ಆದರೆ ಅವರ ಹೆಸರು ಹೇಳುವಾಗ ಲಿವರ್‌ಪೂಲಿಗರ ಗಂಟಲು ಕಟ್ಟುವುದು 1989ರ ಏಪ್ರಿಲ್ 15ಕ್ಕೆ. ಅಂದು ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿಗೆ ಸಿಕ್ಕಿ ಒಟ್ಟು 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ತಪ್ಪು ಅಭಿಮಾನಿಗಳದಲ್ಲ ಎಂದು ಮರಣ ವಿಚಾರಣೆಯ ಜ್ಯೂರಿ ಹೇಳಲು 2016 ಬರಬೇಕಾಯಿತು. ಆ ದಿನಗಳಲ್ಲಿ ಡಾಲ್ಗ್ಲಿಶ್ ಅಂತ್ಯಕ್ರಿಯೆಗಳಿಗೆ ಒಂದಾದ ಮೇಲೊಂದರಂತೆ ಹೋದರು, ಮನೆಯವರ ಜೊತೆ ನಿಂತರು. 1991ರಲ್ಲಿ ದಣಿದು ಹುದ್ದೆ ಬಿಟ್ಟರು. ಇದನ್ನು ಯಾವ ಟ್ರೋಫಿಯ ಪಕ್ಕದಲ್ಲಿಟ್ಟು ಅಳೆಯುವುದು?

ಮುಂದಿನ ಮ್ಯಾನೇಜರುಗಳಲ್ಲಿ ಹೂಲಿಯೆ 2001ರಲ್ಲಿ ಮೂರು ಕಪ್ ಗೆದ್ದರು, ಬೆನಿಟೆಜ್ 2005ರಲ್ಲಿ ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಎಂದು ಹೆಸರು ಬದಲಿಸಿಕೊಂಡಿದ್ದ ಯುರೋಪಿಯನ್ ಕಪ್ ಗೆದ್ದು ಅಚ್ಚರಿ ತಂದರು. ಲೀಗ್ ಮಾತ್ರ 30 ವರ್ಷ ಕೈಗೆ ಸಿಗಲಿಲ್ಲ. 2015ರಲ್ಲಿ ಬಂದ ಜರ್ಮನಿಯ ಯುರ್ಗೆನ್ ಕ್ಲಾಪ್ 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 99 ಅಂಕಗಳೊಂದಿಗೆ ಆ ಲೀಗ್ ಗೆದ್ದುಕೊಟ್ಟರು. ಜನರೊಡನೆ ಬೆರೆಯುವುದರಲ್ಲಿ ಅವರು ಶ್ಯಾಂಕ್ಲಿಯ ವಾರಸುದಾರ. ಮೊಮ್ಮಕ್ಕಳ ಮತ ಅವರಿಗೇ ಬೀಳುತ್ತದೆ, ಅದು ಸಹಜ.

ನನ್ನ ಮತ ಪೇಸ್ಲಿಗೆ. ಶ್ಯಾಂಕ್ಲಿ ಇಲ್ಲದಿದ್ದರೆ ಆ ಕ್ಲಬ್ಬೇ ಹೀಗಿರುತ್ತಿರಲಿಲ್ಲ ಎಂಬುದನ್ನು ಒಪ್ಪಿಯೇ ಹೇಳುತ್ತೇನೆ. ಗೆಲ್ಲುವುದಕ್ಕಿಂತ ಕಷ್ಟ, ಗೆದ್ದ ತಂಡವನ್ನು ಬಿಚ್ಚಿ ಮತ್ತೆ ಕಟ್ಟಿ ಮತ್ತೆ ಗೆಲ್ಲುವುದು. ಪೇಸ್ಲಿ ಅದನ್ನು ದನಿಯೆತ್ತದೆ ಮಾಡಿದರು. 1983ರ ಲೀಗ್ ಕಪ್ ಫೈನಲ್ ಮುಗಿದಾಗ ನಾಯಕ ಸೂನೆಸ್ ತಾವು ಹಿಂದೆ ಸರಿದು, ವೆಂಬ್ಲಿಯ ಮೆಟ್ಟಿಲೇರಿ ಕಪ್ ಪಡೆಯಲು ಪೇಸ್ಲಿಯನ್ನೇ ಕಳಿಸಿದರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಬಸ್ಬಿ ಮತ್ತು ಫರ್ಗುಸನ್ ಅವರಿಗೆ ‘ಸರ್’ ಪದವಿ ಬಂತು, 2018ರಲ್ಲಿ ಡಾಲ್ಗ್ಲಿಶ್‌ಗೂ ಬಂತು. ಮೂರು ಯುರೋಪಿಯನ್ ಕಪ್ ಗೆದ್ದ ಬಾಬ್ ಪೇಸ್ಲಿ 1996ರಲ್ಲಿ ಆ ಪದವಿಯಿಲ್ಲದೆಯೇ ತೀರಿಕೊಂಡರು.