ನಮ್ಮ ಜೋಳ, ನಮ್ಮ ರೊಟ್ಟಿ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ವಸೂಲಿ, ಶೇರು ಬಂಡವಾಳದ ವಿಷಯವನ್ನು ಕಾರ್ಯದರ್ಶಿಯವರು ವರದಿಯಲ್ಲಿ ಓದಿದ್ದಾರೆ. ನಾನು ರೊಟ್ಟಿಯ ವಿಷಯ ನಾಲ್ಕು ಮಾತು ಆಡುತ್ತೇನೆ. ನಗಬ್ಯಾಡ್ರಿ.

ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬುದು ನಮ್ಮ ವಿಜಯಪುರ ಸೀಮೆಯ ಗಾದೆ. ಈಗ ಕಾಲುವೆ ನೀರು ಬಂದಲ್ಲಿ ಕಬ್ಬು, ಬಾರದಲ್ಲಿ ತೊಗರಿ, ಕಡಲೆ. ತಪ್ಪು ಅನ್ನುವುದಿಲ್ಲ, ನಾಲ್ಕು ಕಾಸು ಸಿಗುವ ಕಡೆ ರೈತ ಹೋಗುತ್ತಾನೆ. ಆದರೆ ಜೋಳ ಬೆಳೆದ ಮನೆತನದವರೇ ಚೀಲ ಹಿಡಿದು ಸಂತೆಯಲ್ಲಿ ಜೋಳಕ್ಕೆ ನಿಲ್ಲುವ ಕಾಲ ಬಂತು. ಕಣಕಿಯ ಬಣವಿ ಇಲ್ಲದ ಹಿತ್ತಲಲ್ಲಿ ಎತ್ತು, ಎಮ್ಮೆ ಹ್ಯಾಂಗ ಉಳಿದಾವು?

ನಮ್ಮ ಮಾಲದಂಡಿ, ಅಂದರೆ ಎಂ 35-1, ಊರ ಜೋಳದಿಂದಲೇ ಆರಿಸಿ ತೆಗೆದ ತಳಿ. ಎಕರೆಗೆ ಸುಮಾರು 3 ಕಿಲೋ ಬೀಜ ಸಾಕು. ಮಳೆಗಾಲ ಮುಗಿದ ಮೇಲೆ ನೆಲದ ಹಸಿಯನ್ನೇ ಕುಡಿದು ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ಮುಂಗಾರಿ ಜೋಳ ಮಳೆಗೆ ಸಿಕ್ಕರೆ ಕಾಳು ಕಪ್ಪಾಗುತ್ತದೆ. ಹಿಂಗಾರಿಯದು ಒಣ ಹವೆಯಲ್ಲಿ ಬಲಿತು ಮುತ್ತಿನ ಹಾಗೆ ಇರುತ್ತದೆ. ಗೋಧಿಯ ಜಿಗಿ ಜೋಳಕ್ಕಿಲ್ಲ, ಅದಕ್ಕೇ ನಮ್ಮ ತಾಯಂದಿರು ಎಸರು ಹಾಕಿ ನಾದಿ, ಕೈಯಿಂದ ಬಡಿಯುತ್ತಾರೆ. ಹಿಟ್ಟು ಹಳತಾದರೆ ರೊಟ್ಟಿ ಹರಿಯುತ್ತದೆ. ಇದು ನಿಮಗೆ ಹೇಳಬೇಕಾದ ಮಾತಲ್ಲ, ಹುಡುಗರು ಕೇಳಲಿ ಅಂತ ಹೇಳಿದೆ.

2025-26ಕ್ಕೆ ಮಾಲದಂಡಿಯ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ, ಹೈಬ್ರಿಡ್‌ಗಿಂತ 50 ರೂಪಾಯಿ ಹೆಚ್ಚು. ಕಲಬುರಗಿ ಕಡೆ ಮಹಿಳಾ ಸಂಘದವರು ‘ಕಲಬುರಗಿ ರೊಟ್ಟಿ’ ಎಂದು ಹೆಸರಿಟ್ಟು ಮಾರಾಟಕ್ಕಿಳಿದಿದ್ದಾರೆ. ನಾವೂ ರೊಟ್ಟಿ ಯಂತ್ರ ತರೋಣ ಎಂದು ಕೆಲವರ ಸಲಹೆ. ತರೋಣ. ಆದರೆ ಜೋಳ ಎಲ್ಲಿಂದ ತರತೀರಿ? ಹೊರಗಿನ ಜೋಳ ಕೊಂಡರೆ ರೊಟ್ಟಿ ಬಡಿದವರಿಗೆ ಕೂಲಿ ಸಿಕ್ಕೀತು, ನಮ್ಮ ಹೊಲಕ್ಕೆ ಏನು ಬಂತು?

ಅಸಲು ತೊಂದರೆ ಹಕ್ಕಿಯದು. ಸುತ್ತ ಕಡಲೆ ಇದ್ದು ನಡುವೆ ಒಬ್ಬನೇ ಎರಡು ಎಕರೆ ಜೋಳ ಹಾಕಿದರೆ ಸೀಮೆಯ ಹಕ್ಕಿಯೆಲ್ಲ ಅವನ ಹೊಲಕ್ಕೇ ಇಳಿಯುತ್ತದೆ. ಅಟ್ಟಣಿಗೆ ಏರಿ ಕವಣೆ ಬೀಸಲು ಈಗ ಯಾರಿದ್ದಾರೆ? ಹುಡುಗರು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಐವತ್ತು ಎಕರೆ ಒಂದೇ ಪಟ್ಟಿಯಲ್ಲಿ, ಒಂದೇ ವಾರದಲ್ಲಿ ಬಿತ್ತಿದರೆ ಅದೇ ಹಕ್ಕಿ ಎಲ್ಲರ ಹೊಲದಲ್ಲೂ ಹಂಚಿಕೊಂಡು ತಿನ್ನುತ್ತದೆ, ಯಾರೂ ಮುಳುಗುವುದಿಲ್ಲ. ಕೀಳುವ ಕೆಲಸವೂ ಹಾಗೇ. ಕಣಕಿ ಬೇಕಾದರೆ ಬೇರುಸಹಿತ ಕೈಯಿಂದಲೇ ಕೀಳಬೇಕು. ಒಬ್ಬೊಬ್ಬರೇ ಆಳು ಹುಡುಕಿದರೆ ಸಿಗುವುದಿಲ್ಲ, ಮುಯ್ಯಿ ಹೋದರೆ ಆಗುತ್ತದೆ.

ಆದ್ದರಿಂದ ಉತ್ತರಿ ಮಳೆಗೆ ಮೊದಲೇ ಸಂಘ ಬೀಜ ಕೊಡಲಿ, ರಾಶಿಯಾದ ಮೇಲೆ ಪಡೆದವರು ಅದರ ಒಂದೂಕಾಲು ಪಟ್ಟು ಕಾಳು ತಿರುಗಿ ಅಳೆಯಲಿ, ಮಾರುವ ಜೋಳ ಮೊದಲು ರೊಟ್ಟಿ ಮಾಡುವ ತಾಯಂದಿರಿಗೆ ಸಿಗಲಿ ಎಂದು ಆಡಳಿತ ಮಂಡಳಿಯ ಮುಂದೆ ಠರಾವು ಇಟ್ಟಿದ್ದೆ. ಸಂಘಕ್ಕೆ ನಷ್ಟವಾದೀತು ಎಂದರು. ನೆಲದ ಹಸಿ ಕೈಕೊಟ್ಟರೆ ಆಗಬಹುದು, ಇಲ್ಲ ಅನ್ನುವುದಿಲ್ಲ. ಅದಕ್ಕೇ ಮೊದಲ ವರ್ಷ ಐವತ್ತೇ ಎಕರೆ ಎಂದು ಕೇಳುತ್ತಿದ್ದೇನೆ. ಅಷ್ಟು ಜನ ಹೆಸರು ಕೊಟ್ಟರೆ ಠರಾವು ಮತ್ತೆ ತೆಗೆದುಕೊಳ್ಳುವುದಾಗಿ ಅಧ್ಯಕ್ಷರು ಒಪ್ಪಿದ್ದಾರೆ.

ಪುಸ್ತಕ ಗುಮಾಸ್ತರ ಮೇಜಿನ ಮೇಲಿದೆ. ನನ್ನ ನಾಲ್ಕು ಎಕರೆ ಬರೆಸಿದ್ದೇನೆ. ಕಾಲುವೆಯವರ ಕಬ್ಬು ಅವರಿಗಿರಲಿ. ಹಳ್ಳದಾಚೆಯ ಎರೆಹೊಲದವರು ಊಟಕ್ಕೆ ಏಳುವ ಮೊದಲು ಹೆಸರು ಬರೆಸಿ ಹೋಗ್ರಿ.