ಡಿಗ್ರಿ ಮುಗೀತು, ಮುಂದೇನು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬಿಎಸ್ಸಿ, ಬಿಇ ಮುಗಿಸಿದ ಮಕ್ಕಳಿರೋ ಮನೆಗಳಲ್ಲಿ ಒಂದೇ ಪ್ರಶ್ನೆ: ಮುಂದೇನು?

ನಾನು ಹೇಳೋದಿಷ್ಟು. ಕೆಲಸ ಸಿಗಲಿಲ್ಲ ಅಂತ ಎಂಟೆಕ್ ಸೇರಬೇಡಿ. ಎರಡು ವರ್ಷದ ಮೇಲೂ ಅದೇ ಪ್ರಶ್ನೆ ನಿಂತಿರುತ್ತೆ, ಜೊತೆಗೆ ಸಾಲ. ವಿಷಯದ ಮೇಲೆ ಪ್ರೀತಿ ಇದೆಯಾ? ಗೇಟ್ ಬರೆಯಿರಿ. ಸ್ಕೋರ್ ಮೂರು ವರ್ಷ ನಡೆಯುತ್ತೆ. ಪಾಸಾಗಿ ಎಂಟೆಕ್ ಸೇರಿದವರಿಗೆ ಎಐಸಿಟಿಇಯಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಬಿಎಸ್ಸಿಯವರು ಜಾಮ್ ಬರೆದರೆ ಐಐಟಿಯಲ್ಲಿ ಎಂಎಸ್ಸಿ ಓದಬಹುದು. ದೂರ ಬೇಡವೇ? ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ಕಿತ್ತೂರು ರಾಣಿಯ ಹೆಸರಲ್ಲೇ 2010ರಲ್ಲಿ ಬೆಳಗಾವಿಗೂ ಒಂದು ಬಂತು.

ಅಪ್ಪಂದಿರೇ, ಅವ್ವಂದಿರೇ, ಹೊಲ ಅಡ ಇಡೋ ಮೊದಲು ಮಗಳನ್ನ ಕೇಳಿ: ಇದನ್ನ ಓದಿ ಏನ್ ಮಾಡ್ತೀಯವ್ವಾ? ಉತ್ತರ ಬಂದರೆ ಓದಿಸಿ. ಬರದಿದ್ದರೆ ಬೈಬೇಡಿ, ಯೋಚಿಸೋಕೆ ಆರು ತಿಂಗಳು ಕೊಡಿ.