ಕಲಿಸಿದ್ದು ಮತ್ತು ಕಲಿತದ್ದು
(ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಉಪಾಧ್ಯಾಯರ ಬಾಯಿಂದ ಹೊರಡುವ ಒಂದು ಕೊರಗು ಎಲ್ಲರಿಗೂ ಪರಿಚಿತವಾದುದೇ. ಹುಡುಗನು ಲೆಕ್ಕದಲ್ಲಿ ಚುರುಕು, ಕನ್ನಡದಲ್ಲಿಯೂ ಚುರುಕು. ಇಂಗ್ಲೀಷೊಂದೇ ಅವನಿಗೆ ಗಂಟಲ ಮುಳ್ಳು. ಹೀಗೆ ಕೊರಗುವವರು ಕೆಲಸಗಳ್ಳರಲ್ಲ. ಪಾಠವನ್ನು ಓದಿಸುವರು, ಅರ್ಥವನ್ನು ಹೇಳುವರು, ಪ್ರಶ್ನೋತ್ತರಗಳನ್ನು ಬರೆಯಿಸುವರು, ಬಾಯಿಪಾಠ ಮಾಡಿಸಿ ಒಪ್ಪಿಸಿಕೊಳ್ಳುವರು. ಇಷ್ಟಾದ ಬಳಿಕವೂ ಹಂಪೆಯನ್ನು ನೋಡಬಂದ ಪರದೇಶಿಯೊಬ್ಬನು ದಾರಿ ಕೇಳಿದರೆ, ಹತ್ತನೆಯ ತರಗತಿಯನ್ನು ದಾಟಿದ ಹುಡುಗನು ತಲೆ ತಗ್ಗಿಸಿ ನಿಲ್ಲುವನು. ಕಲಿಸಿದ್ದು ಸುಳ್ಳಲ್ಲ, ಕಲಿತಿಲ್ಲವೆಂಬುದೂ ಸುಳ್ಳಲ್ಲ. ಇವೆರಡರ ನಡುವೆ ಬಾಲಕನ ಮನಸ್ಸಿನಲ್ಲಿ ಏನು ನಡೆಯುವುದೆಂಬುದನ್ನು ಶೋಧಿಸಹೊರಟ ಒಬ್ಬ ಭಾಷಾಶಿಕ್ಷಕರ ವೃತ್ತಾಂತವೇ ಈ ಉಪನ್ಯಾಸದ ವಿಷಯ.

ಆ ಪ್ರಶ್ನೆಯಾದರೋ ಈ ಸೀಮೆಗೆ ಹೊಸದಲ್ಲ. 1822ರಲ್ಲಿ ಮದರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ಜಿಲ್ಲೆಜಿಲ್ಲೆಗಳ ಪಾಠಶಾಲೆಗಳನ್ನು ಎಣಿಸಿ ತಿಳಿಸುವಂತೆ ಅಪ್ಪಣೆ ಮಾಡಿದರು. ಬಳ್ಳಾರಿಯ ಕಲೆಕ್ಟರರಾದ ಎ. ಡಿ. ಕ್ಯಾಂಪ್‌ಬೆಲ್ಲರು 1823ರ ಆಗಸ್ಟಿನಲ್ಲಿ ಉತ್ತರ ಬರೆದರು. ಅವರು ಬರಿಯ ಕಂದಾಯದ ಅಧಿಕಾರಿಯಲ್ಲ. 1816ರಲ್ಲಿ ತೆಲುಗಿಗೆ ಒಂದು ವ್ಯಾಕರಣವನ್ನು ಬರೆದು ಪ್ರಕಟಿಸಿದ್ದವರು, ಪರಭಾಷೆಯನ್ನು ಕಲಿಯುವ ಕಷ್ಟವನ್ನು ಸ್ವತಃ ಉಂಡವರು. ಅನಂತಪುರದ ಕಡೆಯನ್ನೂ ಒಳಗೊಂಡಿದ್ದ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅವರು ಲೆಕ್ಕಕ್ಕೆ ತಂದ ಶಾಲೆಗಳು 533, ಓದುವವರು 6,641. ಕನ್ನಡದ ಶಾಲೆಗಳು 235, ತೆಲುಗಿನವು 226. ಇಂಗ್ಲೀಷಿನದು ಒಂದೇ ಒಂದು. ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ ಮೊದಲಾದ ಗ್ರಂಥಗಳ ಹೆಸರುಗಳೂ ಆ ವರದಿಯಲ್ಲಿವೆ. ಇಂಗ್ಲೀಷು ಕಾಗುಣಿತದ ಕೈಗೆ ಸಿಕ್ಕಿ ಗುರುತು ಹತ್ತದಂತಾಗಿವೆ, ಅಷ್ಟೆ.

ಕ್ಯಾಂಪ್‌ಬೆಲ್ಲರಿಗೆ ಈ ಶಾಲೆಗಳಲ್ಲಿ ಮೆಚ್ಚುಗೆಯಾದುದೂ ಉಂಟು, ಆಗದುದೂ ಉಂಟು. ಮರಳ ಮೇಲೆ ಬೆರಳಿನಿಂದ ತಿದ್ದಿ ಅಕ್ಷರ ಕಲಿಯುವುದನ್ನೂ, ಮುಂದುವರಿದ ಹುಡುಗನೇ ಹಿಂದಿನವನಿಗೆ ಹೇಳಿಕೊಡುವುದನ್ನೂ ಅವರು ಹೊಗಳಿದರು. ಆದರೆ ಗ್ರಂಥದ ಭಾಷೆ ಬೇರೆ, ಮನೆಯ ಭಾಷೆ ಬೇರೆಯಾದ ಕಾರಣ ಬಾಲಕನು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುವನಲ್ಲದೆ ಅರ್ಥವನ್ನರಿಯನು, ಕಲಿಸುವವರಿಗೂ ಎಷ್ಟೋ ಸಲ ಅದು ತಿಳಿಯದು ಎಂದು ದೂರಿದರು. ಈ ದೂರು ಅರ್ಧಕ್ಕರ್ಧ ನ್ಯಾಯವಾದುದೇ. ಉಳಿದರ್ಧ ಅವರ ಕಣ್ಣಿಗೆ ಬೀಳಲಿಲ್ಲ. ಎಳೆತನದಲ್ಲಿ ಕಂಠಸ್ಥವಾದ ಪುರಾಣದ ಪದ್ಯವು ಬಾಲಕನಲ್ಲಿ ಬೀಜದಂತೆ ಮಲಗಿರುತ್ತಿತ್ತು. ಮುಂದೆ ಮಠದಲ್ಲಿ, ಗುಡಿಯಲ್ಲಿ, ಶ್ರಾವಣದ ಪುರಾಣಶ್ರವಣದಲ್ಲಿ ಅದೇ ಮಾತು ಮತ್ತೆ ಕಿವಿಗೆ ಬಿದ್ದು, ಸುತ್ತಲಿನ ಕನ್ನಡವೆಲ್ಲ ಅದಕ್ಕೆ ನೀರೆರೆದು, ಅರ್ಥವು ತಾನಾಗಿ ಮೊಳೆಯುತ್ತಿತ್ತು. ಅದೇ ಬಾಯಿಪಾಠದ ಕ್ರಮವನ್ನು ಇಂಗ್ಲೀಷಿಗೆ ತಂದಾಗ ಬೀಜವೇನೋ ಬಿತ್ತು, ಮಳೆ ಬರಲಿಲ್ಲ. ಶಾಲೆಯ ಗಂಟೆ ಹೊಡೆದೊಡನೆ ಇಂಗ್ಲೀಷು ಶಾಲೆಯಲ್ಲಿಯೇ ಉಳಿಯುವ ಊರುಗಳಲ್ಲಿ ಈ ಭೇದವು ಬಹು ದೊಡ್ಡದು.

ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದ ಮೈಕೇಲ್ ವೆಸ್ಟರು ಬಂಗಾಳದ ಮಕ್ಕಳನ್ನು ಪರೀಕ್ಷಿಸಿ 1926ರಲ್ಲಿ ದ್ವಿಭಾಷಿತ್ವದ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದರು. ಜೀವವಿಮೆಯನ್ನು ನಡುವೆ ಬಿಟ್ಟವನಿಗೂ ಇಷ್ಟು ಹಣವೆಂದು ಮರಳಿ ಬರುವಂತೆ, ಶಾಲೆಯನ್ನು ನಡುವೆ ಬಿಟ್ಟ ಮಗುವಿಗೆ ಮರಳಿ ಬರುವುದೇನು ಎಂದು ಅವರು ಕೇಳಿದರು. ಬಂಗಾಳದ ಮಗುವಿಗೆ ಓದಲು ಬಂದರೆ ಅದಾದರೂ ಕೈಯಲ್ಲುಳಿಯುವುದೆಂದು ಅವರ ತೀರ್ಮಾನ. ತೀರ್ಮಾನವನ್ನು ಒಪ್ಪಲಿ ಬಿಡಲಿ, ಆ ಪ್ರಶ್ನೆಯು ಸುಗ್ಗಿಯ ಕಾಲಕ್ಕೆ ಮಕ್ಕಳು ಶಾಲೆ ತಪ್ಪಿಸುವ ಯಾವ ಸೀಮೆಗೂ ಸಲ್ಲತಕ್ಕದ್ದು.

ಸ್ವಾತಂತ್ರ್ಯವು ಬಂದ ಮೇಲೆ ಕ್ರಮವು ಬದಲಾಯಿತು. ವಾಕ್ಯಗಳ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಸಾಲಾಗಿ ಜೋಡಿಸಿ, ಒಂದೊಂದನ್ನೂ ವಸ್ತು ತೋರಿಸಿ ಬಾಯಲ್ಲಿ ಆಡಿಸಿ ಗಟ್ಟಿ ಮಾಡಿಸುವ ಪದ್ಧತಿಯು ದಕ್ಷಿಣದ ಶಾಲೆಗಳನ್ನೆಲ್ಲ ಹೊಕ್ಕಿತು. ಹೈದರಾಬಾದಿನಲ್ಲಿ 1958ರಲ್ಲಿ ಇಂಗ್ಲೀಷಿನ ಕೇಂದ್ರೀಯ ಸಂಸ್ಥೆಯು ಹುಟ್ಟಿತು. ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರು ಅದಕ್ಕೆ ಕೆಲವು ವರ್ಷ ನಿರ್ದೇಶಕರಾಗಿದ್ದರು. ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಸಂಸ್ಥೆಯೊಂದು ಸ್ಥಾಪಿತವಾಗಿ ಉಪಾಧ್ಯಾಯರು ತಂಡತಂಡವಾಗಿ ಅಲ್ಲಿ ತರಬೇತಿ ಪಡೆದರು. ಮೇಜಿನ ಮೇಲೆ ಪುಸ್ತಕ, ಪುಸ್ತಕದ ಮೇಲೆ ಲೇಖನಿ. ತರಗತಿಯೆಲ್ಲ ಒಕ್ಕೊರಲಿನಿಂದ ಅದನ್ನು ಹೇಳುವುದು ಕೇಳಲಿಕ್ಕೆ ಇಂಪಾಗಿಯೇ ಇತ್ತು. ಆದರೆ ಮರುದಿನ ಅದೇ ವಾಕ್ಯವು ಬೇಕಾದ ಸಂದರ್ಭ ಬಂದಾಗ ಮಕ್ಕಳ ಬಾಯಲ್ಲಿ ಅದಿಲ್ಲ.

ಈ ಮರುದಿನದ ಸೋಜಿಗವನ್ನು ಎನ್. ಎಸ್. ಪ್ರಭು ಅವರು ಅಲಕ್ಷಿಸಲಿಲ್ಲ. ಅವರು ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದು ಇಂಗ್ಲೀಷು ಶಿಕ್ಷಣದ ಕೆಲಸವನ್ನು ನೋಡುತ್ತಿದ್ದವರು. ಅದೇ ಕಾಲಕ್ಕೆ ಪಶ್ಚಿಮದಲ್ಲಿ, ವಂದಿಸುವುದು, ಕ್ಷಮೆ ಕೇಳುವುದು ಮುಂತಾದ ವ್ಯವಹಾರದ ಮಾತುಗಳನ್ನೇ ಕಲಿಸಬೇಕೆಂಬ ವಾದವು ಪ್ರಬಲವಾಗಿತ್ತು. ಪ್ರಭು ಅವರು ಅದಕ್ಕೂ ತಲೆದೂಗಲಿಲ್ಲ. ಇಲ್ಲಿಯ ಮಗುವಿಗೆ ಇಂಗ್ಲೀಷಿನಲ್ಲಿ ಕ್ಷಮೆ ಕೇಳಬೇಕಾದ ಪ್ರಮೇಯವೆಲ್ಲಿ? ಬೇಕಾದುದು ವ್ಯಾಕರಣಶುದ್ಧಿಯೇ, ಆದರೆ ಅದು ಬರುವ ಬಾಗಿಲು ಬೇರೆ. ಮನಸ್ಸು ಅರ್ಥವೊಂದನ್ನು ಹಿಡಿಯಲು ಹೆಣಗುತ್ತಿರುವಾಗ, ಮಾತಿನ ಕಟ್ಟು ಮಗುವಿಗೆ ಅರಿವಿಲ್ಲದೆಯೇ ಒಳಗೆ ಕಟ್ಟಿಕೊಳ್ಳುವುದೆಂಬುದು ಅವರ ಊಹೆ. ಊಹೆಯನ್ನು ಸಭೆಗಳಲ್ಲಿ ಮಂಡಿಸಿ ಅವರು ಸುಮ್ಮನಾಗಲಿಲ್ಲ. 1979ರಿಂದ 1984ರ ವರೆಗೆ, ಬೆಂಗಳೂರಿನ ಆ ಸಂಸ್ಥೆಯವರ ಜೊತೆಗೂಡಿ, ಬೆಂಗಳೂರು ಮದರಾಸು ಮೊದಲಾದೆಡೆಯ ಸಾಧಾರಣ ಶಾಲೆಗಳಲ್ಲಿ ಪಾಠ ನಡೆಸಿ ನೋಡಿದರು. ನಡೆಸಿದ ಪಾಠಗಳನ್ನು ಬರೆದಿಟ್ಟು ಪರರ ಟೀಕೆಗೆ ಒಡ್ಡಿದರು. ಜಗತ್ತಿನ ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ‘ಬೆಂಗಳೂರು ಪ್ರಯೋಗ’ವೆಂದು ಹೆಸರಾದುದು ಇದೇ.

ಆ ಪಾಠದ ಬಗೆಯನ್ನು ಈ ಸೀಮೆಯ ಸಾಮಗ್ರಿಯಿಂದಲೇ ವಿವರಿಸಬಹುದು. ಉಪಾಧ್ಯಾಯನು ಕರಿಹಲಗೆಯ ಮೇಲೆ ಬಸ್ಸುಗಳ ಒಂದು ವೇಳಾಪಟ್ಟಿಯನ್ನು ಇಂಗ್ಲೀಷಿನಲ್ಲಿ ಬರೆಯುವನೆನ್ನಿ: ಕೂಡ್ಲಿಗಿಯಿಂದ ಕೊಟ್ಟೂರಿಗೆ, ಕೊಟ್ಟೂರಿನಿಂದ ಹರಪನಹಳ್ಳಿಗೆ. ಹನ್ನೊಂದಕ್ಕೆ ಹರಪನಹಳ್ಳಿಯಲ್ಲಿರಬೇಕಾದವನು ಕೂಡ್ಲಿಗಿಯನ್ನು ಎಷ್ಟು ಹೊತ್ತಿಗೆ ಬಿಡಬೇಕು? ಕೊಟ್ಟೂರಿನಲ್ಲಿ ಮೊದಲಿನ ಬಸ್ಸು ತಪ್ಪಿದರೆ ಎಷ್ಟು ಹೊತ್ತು ಕಾಯಬೇಕು? ಪ್ರಶ್ನೆಗಳೆಲ್ಲ ಇಂಗ್ಲೀಷಿನಲ್ಲಿಯೇ. ಮೊದಲು ತರಗತಿಯೊಡನೆ ಬಹಿರಂಗವಾಗಿ ಒಂದು ಲೆಕ್ಕವನ್ನು ಬಿಡಿಸಿ, ಬಳಿಕ ಅಂಥದೇ ಇನ್ನೊಂದನ್ನು ಒಬ್ಬೊಬ್ಬರಿಗೂ ಬಿಡಿಸಲು ಕೊಡುವುದು. ಗುಣ ಬರುವುದು ಉತ್ತರ ಸರಿಯಾದುದಕ್ಕೆ, ವಾಕ್ಯದ ಅಂದಕ್ಕಲ್ಲ. ಮಾತಿನಲ್ಲಿ ತಪ್ಪಿದರೆ ಉಪಾಧ್ಯಾಯನು ಸರಿಯಾದ ರೂಪವನ್ನು ತಾನು ಆಡಿ ಮುಂದೆ ಸಾಗುವನು. ಅದನ್ನೇ ಹಿಡಿದು ನಿಲ್ಲನು. ಮಕ್ಕಳನ್ನು ಗುಂಪುಗುಂಪಾಗಿ ಕೂಡಿಸುವ ಗೊಡವೆಗೂ ಪ್ರಭು ಅವರು ಹೋಗಲಿಲ್ಲ. ಅರೆಬರೆ ಇಂಗ್ಲೀಷನ್ನು ಮಕ್ಕಳು ಒಬ್ಬರಿಂದೊಬ್ಬರು ಕೇಳುತ್ತಿದ್ದರೆ ಆ ಅರೆಬರೆಯೇ ಬೇರೂರೀತೆಂಬ ಶಂಕೆ ಅವರಿಗಿತ್ತು. ಇದರಲ್ಲಿ ಲೆಕ್ಕದ ಜಾಣತನವೇ ಇಂಗ್ಲೀಷಿಗೆ ಊರುಗೋಲಾಗುವುದೆಂಬುದನ್ನು ಗಮನಿಸಬೇಕು. ಲೆಕ್ಕದಲ್ಲಿ ಚುರುಕಾದ ಹುಡುಗನು ಇಂಗ್ಲೀಷಿನ ಗಂಟೆಯಲ್ಲಿ ದಡ್ಡನಾಗಿ ಕೂರಬೇಕಾದ ಅವಮಾನವು ಇಲ್ಲಿ ತಪ್ಪುವುದು.

ಫಲವೇನಾಯಿತು? ಹೊರಗಿನವರಾದ ಬೆರೆಟ್ಟಾ ಮತ್ತು ಡೇವಿಸ್ ಎಂಬ ವಿದ್ವಾಂಸರು ಪ್ರಯೋಗದ ತರಗತಿಗಳನ್ನೂ ಹಳೆಯ ಪದ್ಧತಿಯ ತರಗತಿಗಳನ್ನೂ ಪರೀಕ್ಷಿಸಿ 1985ರಲ್ಲಿ ವರದಿ ಪ್ರಕಟಿಸಿದರು. ವಾಕ್ಯದ ಅಚ್ಚುಗಳನ್ನು ಪರೀಕ್ಷಿಸುವ ಪ್ರಶ್ನೆಗಳಲ್ಲಿ ಹಳೆಯ ಪದ್ಧತಿಯವರು ಒಟ್ಟಿನಲ್ಲಿ ಮುಂದೆ. ಕೇಳಿ ತಿಳಿಯುವುದರಲ್ಲಿ, ಓದಿ ತಿಳಿಯುವುದರಲ್ಲಿ, ಸಂದರ್ಭದೊಳಗೆ ವ್ಯಾಕರಣವನ್ನು ಬಳಸುವುದರಲ್ಲಿ ಪ್ರಯೋಗದವರು ಒಟ್ಟಿನಲ್ಲಿ ಮುಂದೆ. ಪ್ರತಿಯೊಬ್ಬನೂ ತನಗೆ ಕಲಿಸಿದ್ದರಲ್ಲಿ ಗೆದ್ದನೆಂದು ಇದನ್ನು ತಳ್ಳಿಹಾಕಬಹುದು. ಆದರೆ ವ್ಯಾಕರಣದ ಪಾಠವನ್ನೇ ಕೇಳದ ಮಕ್ಕಳು ವ್ಯಾಕರಣವನ್ನು ಬಳಸಬಲ್ಲವರಾದರೆಂಬುದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿಯನ್ನೂ ಮರೆಮಾಚತಕ್ಕದ್ದಲ್ಲ. ಪ್ರಯೋಗವನ್ನು ಹುಟ್ಟುಹಾಕಿದವರ ಕೈಯಲ್ಲಿ ಸಲೀಸಾಗಿ ನಡೆದ ಪಾಠವು ಶಾಲೆಯ ಸಾಮಾನ್ಯ ಉಪಾಧ್ಯಾಯರ ಕೈಯಲ್ಲಿ ಅನೇಕ ಕಡೆ ಎಡವಿತು. ಇಡೀ ಗಂಟೆ ಇಂಗ್ಲೀಷಿನಲ್ಲಿ, ಮುಂಚೆ ಸಿದ್ಧಪಡಿಸದ ಮಾತನ್ನಾಡುವ ಧೈರ್ಯವು ಎಲ್ಲರಿಗೂ ಇರಲಿಲ್ಲ. ಈ ಅನುಭವವೆಲ್ಲವನ್ನೂ ಪ್ರಭು ಅವರು 1987ರಲ್ಲಿ ಗ್ರಂಥರೂಪಕ್ಕೆ ತಂದರು. 1990ರ ಒಂದು ಲೇಖನದಲ್ಲಿ, ಎಲ್ಲರಿಗೂ ಶ್ರೇಷ್ಠವಾದ ಪದ್ಧತಿಯೊಂದು ಇಲ್ಲ, ತಾನು ಮಾಡುವ ಪಾಠದಿಂದ ಕಲಿಕೆ ಹೇಗೆ ಆಗುವುದೆಂಬ ಜೀವಂತವಾದ ಅರಿವು ಉಪಾಧ್ಯಾಯನಲ್ಲಿರಬೇಕು ಎಂದು ಪ್ರತಿಪಾದಿಸಿದರು. ತನ್ನ ಪ್ರಯೋಗವನ್ನೇ ಮತವಾಗಿ ಸ್ಥಾಪಿಸಲು ಹೊರಡದ ಶೋಧಕರು ವಿರಳ.

ಅಂಥ ಅರಿವಿಗೆ ದೊಡ್ಡ ಗ್ರಂಥಾಲಯವು ಬೇಕಿಲ್ಲ. ಮಕ್ಕಳ ತಪ್ಪುಗಳು ಸಾಕು. ತಪ್ಪು ಕಲಿಕೆಯ ಕುರುಹೆಂಬುದನ್ನು ಕಾರ್ಡರ್ ಎಂಬ ಪಂಡಿತರು 1967ರಲ್ಲಿಯೇ ತೋರಿಸಿಕೊಟ್ಟರು. ‘ವಾಟ್ ಯು ಆರ್ ಡೂಯಿಂಗ್’ ಎನ್ನುವ ಮಗು ಕನ್ನಡದ ಮಗು. ಪ್ರಶ್ನೆ ಕೇಳುವಾಗ ಕನ್ನಡದಲ್ಲಿ ಕರ್ತೃವೂ ಕ್ರಿಯೆಯೂ ಸ್ಥಳ ಬದಲಿಸುವುದಿಲ್ಲ. ಆದರೆ ‘ಕೇಮ್’ ಎನ್ನಬೇಕಾದಲ್ಲಿ ‘ಕಮ್ಡ್’ ಎಂದರೆ ಆ ರೂಪವು ಕನ್ನಡದಿಂದ ಬಂದುದಲ್ಲ, ಉಪಾಧ್ಯಾಯನು ಹೇಳಿಕೊಟ್ಟುದೂ ಅಲ್ಲ. ನಿಯಮವೊಂದನ್ನು ಮಗು ತಾನೇ ಕಂಡುಕೊಂಡು ಹೊಸ ಶಬ್ದಕ್ಕೆ ಅನ್ವಯಿಸಿದೆ. ಈ ಎರಡನೆಯ ತಪ್ಪಿಗೆ ಬೆತ್ತ ಹಿಡಿಯುವವನು ಕಲಿಕೆಯ ಚಿಗುರನ್ನೇ ಚಿವುಟುವನು.

1953ರ ಅಕ್ಟೋಬರಿನಲ್ಲಿ ಈ ತಾಲ್ಲೂಕುಗಳ ಸೀಮೆ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. 2007ರಿಂದ ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲೀಷು ಒಂದು ವಿಷಯವಾಗಿದೆ. ಕಲಿಸುವ ವರ್ಷಗಳು ಹೆಚ್ಚಿದವು; ಕಲಿತದ್ದು ಅಷ್ಟೇ ಹೆಚ್ಚಿತೇ ಎಂಬುದನ್ನು ನೋಡಬೇಕಾದವರು ತರಗತಿಯಲ್ಲಿರುವವರೇ. ಬೆಂಗಳೂರು ಮದರಾಸುಗಳಲ್ಲಿ ಇಂಗ್ಲೀಷಿನ ಫಲಕಗಳಾದರೂ ಬೀದಿಯಲ್ಲಿ ಕಾಣುತ್ತಿದ್ದವು. ಹಳ್ಳಿಯ ತರಗತಿಯಲ್ಲಿ ಆ ಊಹೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸಲು ಹಡಗಲಿಯ ಮಲ್ಲಿಗೆಯ ಧಾರಣೆಯ ಪಟ್ಟಿ, ಕೊಟ್ಟೂರು ತೇರಿನ ದಿನದ ವಿಶೇಷ ಬಸ್ಸುಗಳ ವೇಳೆ, ಊರಿನದೊಂದು ನಕ್ಷೆ ಇಷ್ಟು ಸಾಮಗ್ರಿ ಸಾಲುವುದು. ಜೊತೆಗೆ ನೂರು ಪುಟದ ಒಂದು ನೋಟುಬುಕ್ಕು: ಎಡಗಡೆ ಮಗು ಆಡಿದ ಮಾತು, ತಾರೀಖು ಸಹಿತ, ಬಲಗಡೆ ಅದೇ ಮಗು ಮೂರು ತಿಂಗಳಾದ ಮೇಲೆ ಅದೇ ಅರ್ಥಕ್ಕೆ ಆಡಿದ ಮಾತು.